ಗೊಂಬೆ ರೋಗಿಯಿಂದ ಕಲಿತ ತೀರ್ಮಾನ: ನರ್ಸಿಂಗ್ ಸಿಮ್ಯುಲೇಶನ್ ಲ್ಯಾಬ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಹಾಸ್ಟೆಲ್ಲಿನ ಜೂನಿಯರ್‌ಗಳು, ಹಬ್ಬಕ್ಕೆ ಊರಿಗೆ ಹೋದಾಗ ಸಿಗುವ ಹಿರಿಯರು, ಪಿಯುಸಿ ಮುಗಿಸಿ ನರ್ಸಿಂಗ್ ಸೇರಲೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗಿಯರು ಸಿಮ್ಯುಲೇಶನ್ ಲ್ಯಾಬ್ ಬಗ್ಗೆ, ಅಂದರೆ ನಿಜವಾದ ರೋಗಿಯ ಬದಲು ಗೊಂಬೆಯ ಮೇಲೆ ಅಭ್ಯಾಸ ಮಾಡುವ ಕೋಣೆಯ ಬಗ್ಗೆ, ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಇಟ್ಟು, ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ. ಇಲ್ಲಿ ಬರುವ ಔಷಧಿ ಪ್ರಮಾಣಗಳು ಓದುವವರಿಗಾಗಿ. ವಾರ್ಡಿನಲ್ಲಿ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಮತ್ತು ಡಾಕ್ಟರ್ ಆರ್ಡರ್ ನೋಡಿಯೇ ಕೊಡಬೇಕು.

## ಹೊರಗಿನವರೂ ಹೊಸಬರೂ ಕೇಳುವುದು

ಏನ್ ತಂಗಿ, ಗೊಂಬಿ ಇಟ್ಕಂಡು ನರ್ಸಿಂಗ್ ಕಲೀತೀರಂತಲ್ಲ, ಹೌದಾ?

ಹೌದು, ಕಲಿಯುತ್ತೇವೆ. ಇದು ಈಚಿನ ಪದ್ಧತಿಯೂ ಅಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಟ್ಟಿದ್ದರು. ವಿದ್ಯಾರ್ಥಿನಿಯರು ಅದನ್ನು ಮಿಸೆಸ್ ಚೇಸ್ ಎಂದೇ ಕರೆಯುತ್ತಿದ್ದರು. ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಕಲಿಸುವ ರೆಸಸಿ ಆನ್ ಗೊಂಬೆ 1960ರಲ್ಲಿ ನಾರ್ವೆಯಿಂದ ಬಂತು.

ಈಗಿನ ಲ್ಯಾಬುಗಳಲ್ಲಿ ಹಲವು ಬಗೆ ಇವೆ. ಡ್ರಿಪ್‌ನ ಕ್ಯಾನುಲಾ ಹಾಕಲು ಬರೀ ತೋಳು, ಮೂತ್ರದ ಕ್ಯಾಥೆಟರ್ ಕಲಿಯಲು ಸೊಂಟದ ಭಾಗ, ಎದೆ ಒತ್ತಲು ಅರ್ಧ ದೇಹ. ಒತ್ತಿದ್ದು 5 ಸೆಂಟಿಮೀಟರಿಗಿಂತ ಕಡಿಮೆಯಾದರೆ, ನಿಮಿಷಕ್ಕೆ 100ರಿಂದ 120ರ ವೇಗ ತಪ್ಪಿದರೆ ಕೆಲವು ಗೊಂಬೆಗಳು ತಾವೇ ತೋರಿಸುತ್ತವೆ. ಇನ್ನು ಪೂರ್ತಿ ದೇಹದ ಗೊಂಬೆ, ಅಂದರೆ ಮ್ಯಾನಿಕಿನ್, ಉಸಿರಾಡುತ್ತದೆ, ನಾಡಿ ಮಿಡಿಯುತ್ತದೆ, ಪಕ್ಕದ ಮಾನಿಟರಿನಲ್ಲಿ ಬಿಪಿ ಏರಿಳಿಯುತ್ತದೆ. ಗಾಜಿನ ಆಚೆ ಕೂತ ಮೇಡಂ ಅದರ ಸ್ಥಿತಿಯನ್ನು ಬದಲಿಸುತ್ತಾ ಹೋಗುತ್ತಾರೆ, ಮೈಕಿನಲ್ಲಿ ಅದರ ದನಿಯಾಗಿ ನರಳುತ್ತಾರೆ.

ಚಿಗಟೇರಿ ಆಸ್ಪತ್ರೇಲಿ, ಬಾಪೂಜಿ ಆಸ್ಪತ್ರೇಲಿ ಕಾಲಿಡೋಕೆ ಜಾಗ ಇರಲ್ಲ. ಅಷ್ಟು ರೋಗಿಗಳಿರುವಾಗ ಗೊಂಬೆ ಯಾಕೆ ಬೇಕು?

ರೋಗಿಗಳಿಗೆ ಬರವಿಲ್ಲ, ನಿಜ. ಜಗಳೂರು, ಹೊನ್ನಾಳಿ, ಚನ್ನಗಿರಿಯಿಂದಷ್ಟೇ ಅಲ್ಲ, ಅಕ್ಕಪಕ್ಕದ ಜಿಲ್ಲೆಗಳಿಂದಲೂ ದಾವಣಗೆರೆಗೇ ಬರುತ್ತಾರೆ. ಆದರೆ ಫಿಟ್ಸ್ ಬಂದ ಗರ್ಭಿಣಿಯನ್ನು 108ರಿಂದ ಇಳಿಸಿದ ಗಳಿಗೆಯಲ್ಲಿ ಎರಡನೇ ವರ್ಷದ ವಿದ್ಯಾರ್ಥಿ ಎಲ್ಲಿರುತ್ತಾಳೆ? ಎಲ್ಲರ ಹಿಂದೆ, ಗೋಡೆಗೆ ಒತ್ತಿಕೊಂಡು. ಅವಳು ಇರಬೇಕಾದ್ದೂ ಅಲ್ಲೇ. ಆ ತಾಯಿಯ ಜೀವ ನಮ್ಮ ಕಲಿಕೆಯ ಸಾಮಗ್ರಿಯಲ್ಲ.

ಗೊಂಬೆಯ ಮುಂದೆ ಮಾತ್ರ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವರು ನಾವೇ. ಕೈ ಕಟ್ಟಿ ನಿಂತರೆ ಗೊಂಬೆಯ ಸ್ಥಿತಿ ಕೆಡುತ್ತಲೇ ಹೋಗುತ್ತದೆ, ಯಾರೂ ಬಂದು ಪಕ್ಕಕ್ಕೆ ಸರಿಸುವುದಿಲ್ಲ. ವಾರ್ಡಿನಲ್ಲಿ ಎಷ್ಟೇ ದಿನ ನಿಂತರೂ ಸಿಗದ ಆ ಜಾಗ ಲ್ಯಾಬಿನಲ್ಲಿ ಮೊದಲ ದಿನವೇ ಸಿಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಪರಿಷ್ಕರಿಸಿ ಸೆಮಿಸ್ಟರ್ ಪದ್ಧತಿ ತಂದಾಗ ಸಿಮ್ಯುಲೇಶನ್ನನ್ನೂ ಅದರೊಳಗೆ ಸೇರಿಸಿದೆ.

ತೀರ್ಮಾನ ತಗೊಳ್ಳೋದು ಡಾಕ್ಟರ್ ಕೆಲಸ ಅಲ್ವಾ? ನರ್ಸ್‌ಗೆ ಯಾಕೆ ಕ್ಲಿನಿಕಲ್ ಜಡ್ಜ್‌ಮೆಂಟ್?

ಕಾಯಿಲೆ ಯಾವುದು, ಚಿಕಿತ್ಸೆ ಏನು ಎಂಬುದು ಡಾಕ್ಟರ್ ತೀರ್ಮಾನ. ಆದರೆ ಡಾಕ್ಟರ್ ರೌಂಡ್ಸ್ ಮುಗಿಸಿ ಹೋದಮೇಲೆ ಮುಂದಿನ ರೌಂಡ್ಸ್‌ವರೆಗೆ ರೋಗಿಯ ಹತ್ತಿರ ಇರುವವರು ನರ್ಸ್. ಈ ರೋಗಿ ಒಂದು ಗಂಟೆಯ ಹಿಂದೆ ಇದ್ದಂತೆ ಇದ್ದಾರೆಯೇ? ಬರೆದಿಟ್ಟ ಇಂಜೆಕ್ಷನ್ನನ್ನು ಈಗ ಕೊಡಬಹುದೇ? ಮೂವರು ಒಟ್ಟಿಗೆ ಕರೆಯುತ್ತಿದ್ದಾರೆ, ಯಾರ ಹತ್ತಿರ ಮೊದಲು ಹೋಗಲಿ? ಈಗಲೇ ಫೋನ್ ಮಾಡಲೇ, ಹತ್ತು ನಿಮಿಷ ನೋಡಲೇ? ಇವಕ್ಕೆಲ್ಲ ಉತ್ತರ ಹೇಳಬೇಕಾದವರು ಆ ಹೊತ್ತಿಗೆ ಅಲ್ಲಿರುವ ನರ್ಸೇ.

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಈ ತೀರ್ಮಾನದ ಕೆಲಸವನ್ನು, ಅಂದರೆ ಕ್ಲಿನಿಕಲ್ ಜಡ್ಜ್‌ಮೆಂಟನ್ನು, ನಾಲ್ಕು ಹಂತವಾಗಿ ಬಿಡಿಸಿಟ್ಟರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು, ಮಾಡಿದ್ದನ್ನು ಮರಳಿ ಯೋಚಿಸುವುದು. ಸಿಮ್ಯುಲೇಶನ್ ಪಾಠಗಳು ಬಹಳ ಕಡೆ ಈ ಹಾದಿಯಲ್ಲೇ ನಡೆಯುತ್ತವೆ. ನಾಲ್ಕರಲ್ಲಿ ಹೆಚ್ಚು ಕಷ್ಟ ಮೊದಲನೆಯದು. ಗಮನಕ್ಕೇ ಬಾರದಿದ್ದರೆ ಉಳಿದ ಮೂರು ಶುರುವಾಗುವುದೇ ಇಲ್ಲ.

ಒಂದು ಸೆಷನ್‌ನಲ್ಲಿ ಏನೇನು ಇರುತ್ತೆ?

ಮೊದಲು ಪ್ರೀಬ್ರೀಫಿಂಗ್. ರೋಗಿಯ ಹಿನ್ನೆಲೆ, ಲ್ಯಾಬಿನಲ್ಲಿ ಏನೆಲ್ಲ ಸಾಮಾನು ಎಲ್ಲಿದೆ, ಗೊಂಬೆ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಹೇಳುತ್ತಾರೆ. ಆಮೇಲೆ ಸಿನಾರಿಯೋ, ಅಂದರೆ ಗೊಂಬೆಯ ಮೇಲೆ ನಡೆಸುವ ಕೇಸ್, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ. ಕೊನೆಗೆ ಡೀಬ್ರೀಫಿಂಗ್, ಅಂದರೆ ನಡೆದದ್ದರ ಬಗ್ಗೆ ಎಲ್ಲರೂ ಕೂತು ಮಾತಾಡುವುದು, ಅದಕ್ಕೆ ಸಿನಾರಿಯೋಗಿಂತ ಹೆಚ್ಚು ಹೊತ್ತು ಬೇಕು. ಸಮಯವಿಲ್ಲ ಎಂದು ಡೀಬ್ರೀಫಿಂಗನ್ನೇ ಮೊಟಕು ಮಾಡಿದರೆ ಇಡೀ ಸೆಷನ್ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

## ಲ್ಯಾಬಿಗೆ ಹೋಗಲು ಶುರು ಮಾಡಿದವರು ಕೇಳುವುದು

ಅಕ್ಕಾ, ಎಲ್ಲರೂ ನೋಡ್ತಿರ್ತಾರೆ, ಕೈ ನಡುಗುತ್ತೆ. ಏನ್ ಮಾಡ್ಲಿ?

ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡು. "ಕೈ ತೊಳ್ಕೊಂಡೆ, ಹೆಸರು ಕೇಳ್ತಿದೀನಿ, ಉಸಿರು ನೋಡ್ತಿದೀನಿ" ಅಂತ. ದನಿ ಹೊರಬಂದರೆ ಯೋಚನೆಯೂ ಒಂದು ಸಾಲಿಗೆ ಬರುತ್ತದೆ, ಜೊತೆಗಿರುವವರಿಗೆ ನೀನು ಎಲ್ಲಿದ್ದೀಯ ಎಂದು ಗೊತ್ತಾಗುತ್ತದೆ. ನಡುಕ ಪೂರ್ತಿ ಹೋಗಲಿ ಎಂದು ಕಾಯಬೇಡ. ನಡುಗುವ ಕೈಯಲ್ಲೂ ನಾಡಿ ಹಿಡಿಯಬಹುದು.

ವೈಟಲ್ಸ್ ಎಲ್ಲಾ ಬರ್ಕೊಂಡಿರ್ತೀನಿ. ಆದ್ರೂ ಮೇಡಂ "ಏನು ನೋಡಿದೆ?" ಅಂತಾನೇ ಕೇಳ್ತಾರೆ. ಇನ್ನೇನು ಹೇಳ್ಬೇಕು?

ಅಂಕಿ ಬರೆಯುವುದು ಬೇರೆ, ನೋಡುವುದು ಬೇರೆ. ಜ್ವರ, ನಾಡಿ, ಉಸಿರಿನಂಥ ವೈಟಲ್ಸ್ ಬರೆಯುವ ಯಾವುದಾದರೂ ಟಿಪಿಆರ್ ಚಾರ್ಟ್ ತೆಗೆದು ರೆಸ್ಪಿರೇಶನ್ ಕಾಲಂ ಮೇಲೆ ಬೆರಳಾಡಿಸಿ. 20, 20, 18, 20 ಎಂದು ಮೇಲಿಂದ ಕೆಳಗಿನವರೆಗೆ ಇರುವುದೇ ಹೆಚ್ಚು. ನಾಡಿ ಹಿಡಿದವರು ಉಸಿರನ್ನು ಅಂದಾಜಿನ ಮೇಲೆ ತುಂಬುತ್ತಾರೆ. ಆದರೆ ರೋಗಿ ಕೆಡುತ್ತಿದ್ದಾರೆ ಎಂಬುದಕ್ಕೆ ಎಷ್ಟೋ ಸಲ ಮೊದಲ ಸೂಚನೆ ಉಸಿರಿನ ಲೆಕ್ಕವೇ. ಬಿಪಿ ಬೀಳುವುದು ತಡವಾಗಿ, ದೇಹ ತಡೆದುಕೊಳ್ಳುವಷ್ಟು ತಡೆದುಕೊಂಡ ಮೇಲೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 26 ಆಗಿದ್ದರೆ ರಕ್ತದ ಆಕ್ಸಿಜನ್ ಸ್ಯಾಚುರೇಶನ್ 97 ಇದ್ದರೂ ಸಮಾಧಾನ ಪಡುವಂತಿಲ್ಲ.

ಗೊಂಬೆಯ ಎದೆ ಏಳುವುದು ಬೀಳುವುದು ಮೆಲ್ಲಗೆ, ಹೊದಿಕೆ ಹೊದಿಸಿರುತ್ತಾರೆ. ಹೊದಿಕೆ ಸರಿಸಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದವರಿಗೆ ಮಾತ್ರ ನಿಜವಾದ ಅಂಕಿ ಸಿಗುತ್ತದೆ. "ಏನು ನೋಡಿದೆ?" ಎಂದರೆ ಮೇಡಂಗೆ ಬೇಕಾದ ಉತ್ತರ ಹೀಗಿರುತ್ತದೆ: "ಬೆಳಿಗ್ಗೆ 18 ಇದ್ದ ಉಸಿರು ಈಗ 26 ಇದೆ, ಮಾತಾಡುವಾಗ ಮಧ್ಯೆ ನಿಲ್ಲಿಸ್ತಿದ್ದಾರೆ, ಮಲಗೋಕೆ ಒಪ್ತಿಲ್ಲ." ಬದಲಾವಣೆ ಹೇಳಬೇಕು. ಬಿಡಿ ಅಂಕಿಯಿಂದ ಏನೂ ತಿಳಿಯದು.

ಒಂದು ಕೇಸ್ ಪೂರ್ತಿ ಬಿಡಿಸಿ ಹೇಳ್ತೀರಾ? ಜಡ್ಜ್‌ಮೆಂಟ್ ಎಲ್ಲಿ ಬರುತ್ತೆ ಅಂತಾನೇ ಅರ್ಥ ಆಗಲ್ಲ.

ಎಕ್ಲಾಂಪ್ಸಿಯಾ, ಅಂದರೆ ಬಿಪಿ ಏರಿ ಗರ್ಭಿಣಿಗೆ ಫಿಟ್ಸ್ ಬರುವ ಸಿನಾರಿಯೋ ಹೇಳುತ್ತೇನೆ, ನನಗೆ ಈ ವಿಷಯ ಮನಸ್ಸಿಗಿಳಿದಿದ್ದು ಅದರಿಂದಲೇ.

ಚೊಚ್ಚಲ ಗರ್ಭಿಣಿ, 34 ವಾರ, ಮನೆಯಲ್ಲಿ ಎರಡು ಸಲ ಫಿಟ್ಸ್, ಬಿಪಿ 170/110. ಪಿಎಚ್‌ಸಿಯಲ್ಲಿ ಮ್ಯಾಗ್‌ಸಲ್ಫ್ (ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್) ಲೋಡಿಂಗ್ ಡೋಸ್, ಅಂದರೆ ಮೊದಲ ದೊಡ್ಡ ಡೋಸ್, ಆಗಿದೆ: ರಕ್ತನಾಳಕ್ಕೆ 4 ಗ್ರಾಂ, ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ 10 ಗ್ರಾಂ. ನಾಲ್ಕು ಗಂಟೆ ಕಳೆದಿದೆ. ಕೇಸ್ ಶೀಟಿನಲ್ಲಿ ಮುಂದಿನ (ಮೇಂಟೆನೆನ್ಸ್) 5 ಗ್ರಾಂ ಬರೆದಿದೆ, ಹೊತ್ತೂ ಆಗಿದೆ. ಟ್ರೇಯಲ್ಲಿ ಸಿರಿಂಜ್ ತುಂಬಿಟ್ಟಿದ್ದಾರೆ. ಮಂಚದ ಮೇಲೆ ಗೊಂಬೆ ಕಣ್ಣು ಮುಚ್ಚಿ ಮಲಗಿದೆ. ಮೂಲೆಯಲ್ಲಿ ತಾಯಿಯ ಪಾತ್ರದಲ್ಲಿರುವ ವಿದ್ಯಾರ್ಥಿನಿ, "ಈಗ ಆರಾಮ್ ನಿದ್ದಿ ಮಾಡಾಕತ್ತಾಳೆ, ಸೂಜಿ ಚುಚ್ಚಿ ಎಬ್ಬಿಸಬ್ಯಾಡ್ರಿ" ಅನ್ನುತ್ತಾಳೆ.

ಗಾಬರಿಯ ಕ್ಷಣ ಯಾವುದೂ ಇಲ್ಲ, ಮಾನಿಟರ್ ಕಿರುಚುತ್ತಿಲ್ಲ. ಎಲ್ಲ ಶಾಂತ. ಆರ್ಡರ್ ಇದೆ, ಡೋಸ್ ಸರಿಯಿದೆ, ಹೊತ್ತೂ ಸರಿಯಿದೆ. ಕೊಟ್ಟುಬಿಡಬಹುದು ಅನ್ನಿಸುತ್ತದೆ. ಆದರೆ ಮ್ಯಾಗ್ನೀಸಿಯಂ ಹೊರಹೋಗುವುದು ಮೂತ್ರಪಿಂಡದಿಂದ. ಮೂತ್ರ ಕಡಿಮೆಯಾದರೆ ರಕ್ತದಲ್ಲೇ ಉಳಿದು ಏರುತ್ತದೆ. ಮೊದಲು ಮಂಡಿಯ ಪ್ರತಿವರ್ತನೆ (ನೀ ಜರ್ಕ್) ಹೋಗುತ್ತದೆ, ಆಮೇಲೆ ಉಸಿರು ಕುಗ್ಗುತ್ತದೆ. ಅದಕ್ಕೇ ಪ್ರತಿ ಡೋಸಿಗೂ ಮೊದಲು ಮೂರು ನೋಡಬೇಕು: ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ನೀ ಜರ್ಕ್ ಇರಬೇಕು, ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಆಗಿರಬಾರದು.

ಗೊಂಬೆಯ ಮಂಡಿ ತಾನಾಗಿ ಚಿಮ್ಮುವುದಿಲ್ಲ. ಹ್ಯಾಮರ್‌ನಿಂದ ತಟ್ಟಿದರೆ ಮೇಡಂ ಮೈಕಿನಲ್ಲಿ "ಬರ್ತಿಲ್ಲ" ಅನ್ನುತ್ತಾರೆ. ತಟ್ಟದಿದ್ದರೆ ಏನೂ ಹೇಳುವುದಿಲ್ಲ. ಮಂಚದ ಕೆಳಗಿನ ಯೂರಿನ್ ಬ್ಯಾಗಿನಲ್ಲಿ 60 ಮಿ.ಲೀ. ಇದೆ, ಅದು ನಾಲ್ಕು ಗಂಟೆಯದು. ಬಗ್ಗಿ ನೋಡಿದವರಿಗೆ ಕಾಣುತ್ತದೆ. ಉಸಿರು ಎಣಿಸಿದರೆ 11. ಮೂರೂ ಸೇರಿದಾಗ ಆ ನೆಮ್ಮದಿಯ ನಿದ್ದೆ ನಿದ್ದೆಯಲ್ಲ ಎಂದು ಗೊತ್ತಾಗುತ್ತದೆ.

ಆಗ ಮಾಡಬೇಕಾದ್ದು: ಡೋಸ್ ಕೊಡದೆ ಹಿಡಿಯುವುದು, ಸಹಾಯಕ್ಕೆ ಕರೆಯುವುದು, ಆಕ್ಸಿಜನ್ ಹಾಕಿ, ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆ ಸಿಗುವಂತೆ ಇಡುವುದು, ಮ್ಯಾಗ್ನೀಸಿಯಂಗೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 10 ಪರ್ಸೆಂಟಿನ 10 ಮಿ.ಲೀ., ಅಂದರೆ 1 ಗ್ರಾಂ, ಸಿದ್ಧಮಾಡಿಟ್ಟು ಡಾಕ್ಟರಿಗೆ ತಿಳಿಸುವುದು. ಆರ್ಡರ್ ಬರೆದಿರುವುದನ್ನು ಕೊಡದಿರುವುದೂ ನರ್ಸ್ ತೀರ್ಮಾನವೇ. ಅದಕ್ಕೆ ಕಾರಣ ಹೇಳಲು ಬರಬೇಕು, ಬರೆದಿಡಬೇಕು, ತಕ್ಷಣ ತಿಳಿಸಬೇಕು.

ಡಾಕ್ಟರ್‌ಗೆ ಫೋನ್ ಮಾಡೋಕೆ ಹೆದರಿಕೆ. ಬೈದ್ರೆ ಏನ್ ಮಾಡೋದು?

ಹೆದರಿಕೆ ಅರ್ಧ ಕಡಿಮೆಯಾಗುವುದು ಏನು ಹೇಳಬೇಕು ಎಂಬುದು ಮೊದಲೇ ಗೊತ್ತಿದ್ದಾಗ. ಎಸ್‌ಬಿಎಆರ್ ಕ್ರಮ ಇರುವುದು ಅದಕ್ಕೆ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನಗೆ ಬೇಕಾದ್ದು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ ಆಸ್ಪತ್ರೆಗೆ ಬಂದದ್ದು. ಮೇಲಿನ ಕೇಸಿಗೆ ಲ್ಯಾಬಿನಲ್ಲಿ ನಾವು ಫೋನಿನಲ್ಲಿ ಹೇಳುವುದು ಹೀಗೆ:

"ಸರ್, ಲೇಬರ್ ವಾರ್ಡ್‌ನಿಂದ ಮಾತಾಡ್ತಿದೀನಿ. ಎಕ್ಲಾಂಪ್ಸಿಯಾ ಪೇಷಂಟ್‌ಗೆ ರೆಸ್ಪಿರೇಶನ್ 11 ಇದೆ, ನೀ ಜರ್ಕ್ ಇಲ್ಲ, ನಾಲ್ಕು ಗಂಟೇಲಿ ಯೂರಿನ್ 60 ಎಂ.ಎಲ್. ಪಿಎಚ್‌ಸಿಯಲ್ಲಿ ಲೋಡಿಂಗ್ ಆಗಿ ಬಂದವರು, ಈಗ ಮೇಂಟೆನೆನ್ಸ್ ಟೈಮ್. ಮ್ಯಾಗ್‌ಸಲ್ಫ್ ಜಾಸ್ತಿ ಆಗಿದೆ ಅನ್ಸುತ್ತೆ, ಡೋಸ್ ಕೊಟ್ಟಿಲ್ಲ. ಕ್ಯಾಲ್ಸಿಯಂ ರೆಡಿ ಇದೆ. ಈಗಲೇ ಬನ್ನಿ ಸರ್."

ಅರ್ಧ ನಿಮಿಷವೂ ಆಗುವುದಿಲ್ಲ. "ಸರ್, ಪೇಷಂಟ್ ಯಾಕೋ ಡಲ್ ಇದಾರೆ" ಎಂದರೆ ಆ ಕಡೆಯವರು ಹತ್ತು ಪ್ರಶ್ನೆ ಕೇಳುತ್ತಾರೆ, ನಮಗೆ ಅದೇ ಬೈಗುಳದಂತೆ ಕೇಳಿಸುತ್ತದೆ. ವಿದ್ಯಾರ್ಥಿಗಳು ವಾರ್ಡಿನಲ್ಲಿ ಮೊದಲು ಹೇಳಬೇಕಾದ್ದು ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ. ಅವರಿಗೂ ಇದೇ ಕ್ರಮದಲ್ಲಿ ಹೇಳಿ. ನಾಲ್ಕನೆಯದನ್ನು ಮಾತ್ರ ಬಿಡಬೇಡಿ. ಏನು ಬೇಕೆಂದು ಕೇಳುವಷ್ಟರಲ್ಲಿ ನಮ್ಮ ದನಿ ಇಳಿದುಹೋಗುತ್ತದೆ.

ನೋಡಿದ ತಕ್ಷಣ ಒಂದು ತೀರ್ಮಾನಕ್ಕೆ ಬಂದುಬಿಡ್ತೀನಿ, ಆಮೇಲೆ ಬೇರೇದು ತಲೆಗೇ ಬರಲ್ಲ.

ಸಿನಾರಿಯೋ ಬರೆಯುವವರು ಇದನ್ನು ಬಲ್ಲರು, ಬೇಕೆಂದೇ ಹಾದಿ ತಪ್ಪಿಸುವ ಮಾತು ಇಟ್ಟಿರುತ್ತಾರೆ. ಸಂಜೆ ಕ್ಯಾಜುವಾಲ್ಟಿಗೆ 55ರ ಗಂಡಸನ್ನು ಕರೆತರುತ್ತಾರೆ. ಮಾತು ತೊದಲುತ್ತಿದೆ, ಕೈ ಬೀಸುತ್ತಾರೆ. ಜೊತೆಯವರು "ಕುಡಿದಾನೆ ಅನ್ಸುತ್ತೆ" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಮೇಲೆ ಮೈ ಬೆವತಿದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಚೀಟಿ, ಅವತ್ತು ಉಪವಾಸ. ಗ್ಲುಕೋಮೀಟರ್ ಹಿಡಿದರೆ ಸಕ್ಕರೆ 38, ತೀರಾ ಕಡಿಮೆ.

ನಮ್ಮಲ್ಲಿ ರೂಢಿ ಮಾಡಿಕೊಂಡ ಉಪಾಯ ಒಂದಿದೆ: ಒಂದು ಅಂದಾಜು ಬಂದ ಕೂಡಲೇ "ಇದಲ್ಲದಿದ್ದರೆ ಇನ್ನೇನು?" ಎಂದು ಗಟ್ಟಿಯಾಗಿ ಕೇಳಿಕೊಳ್ಳುವುದು, ಕನಿಷ್ಠ ಒಂದು ಬೇರೆ ಕಾರಣ ಹೇಳುವುದು. ಪ್ರಜ್ಞೆ ಏರುಪೇರಾದ ಯಾರಿಗೇ ಆಗಲಿ ಸಕ್ಕರೆ ನೋಡದೆ ಮುಂದೆ ಹೋಗಬಾರದು. ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಹೋಗಿ ರೋಗಿ ಎದ್ದು ಕೂತು ಮಾತಾಡಿದರೂ ಕೇಸ್ ಮುಗಿಯುವುದಿಲ್ಲ. ಈ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಮನೆಗೆ ಕಳಿಸುವ ಆತುರ ಮಾಡುವಂತಿಲ್ಲ.

ಡೀಬ್ರೀಫಿಂಗ್‌ನಲ್ಲಿ ಬರೀ ತಪ್ಪು ಹುಡುಕ್ತಾರೆ ಅನ್ಸುತ್ತೆ. ಅದು ಯಾಕೆ ಬೇಕು?

ಬರೀ ತಪ್ಪು ಹುಡುಕಿದರೆ ಅದು ಒಳ್ಳೆಯ ಡೀಬ್ರೀಫಿಂಗ್ ಅಲ್ಲ. ಚೆನ್ನಾಗಿ ನಡೆಸುವ ಮೇಡಂ "ನೀನು ಯಾಕೆ ಮಾಡಲಿಲ್ಲ?" ಅನ್ನುವುದಿಲ್ಲ. "ಸಿರಿಂಜ್ ಕೈಗೆ ತಗೊಂಡು ಒಂದು ಗಳಿಗೆ ನಿಂತೆಯಲ್ಲ, ಆಗ ತಲೇಲಿ ಏನಿತ್ತು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಕಲಿಕೆ ಆಗುವುದು. ಇಬ್ಬರು ಒಂದೇ ಕೆಲಸ ಮಾಡಿರಬಹುದು. ಒಬ್ಬಳು ಕಾರಣ ತಿಳಿದು, ಇನ್ನೊಬ್ಬಳು ಪಕ್ಕದವಳನ್ನು ನೋಡಿ. ಹೊರಗಿನಿಂದ ವ್ಯತ್ಯಾಸ ಕಾಣದು. ಪ್ರಾಕ್ಟಿಕಲ್ ಪರೀಕ್ಷೆಯ ಚೆಕ್‌ಲಿಸ್ಟಿನಲ್ಲಿ ಇಬ್ಬರಿಗೂ ಪೂರ್ತಿ ಅಂಕ. ಡೀಬ್ರೀಫಿಂಗಿನಲ್ಲಿ ಮಾತ್ರ ಅದು ಬಯಲಾಗುತ್ತದೆ, ತಿದ್ದಿಕೊಳ್ಳಲು ಆಗುತ್ತದೆ.

ಕೈ ಚಳಕವನ್ನು ಗೊಂಬೆ ಕಲಿಸುತ್ತದೆ. ತೀರ್ಮಾನವನ್ನು ಕಲಿಸುವುದು ಗೊಂಬೆಯಲ್ಲ, ಆಮೇಲಿನ ಈ ಮಾತುಕತೆ. ಇಷ್ಟು ದಿನದ ಲ್ಯಾಬಿನಿಂದ ನಾನು ನಂಬಿರುವುದು ಇದನ್ನೇ.

## ಫೈನಲ್ ಇಯರ್‌ನವರೂ ಟೀಚರ್‌ಗಳೂ ಕೇಳುವುದು

ಗೊಂಬೆಯಲ್ಲಿ ಕಲಿಯೋಕೆ ಆಗದೇ ಇರೋದು ಏನು?

ಬಹಳ ಇದೆ. ನಮ್ಮ ಕಡೆ ಭದ್ರಾ ನೀರಿನ ಭತ್ತ, ಮಳೆಯಾಶ್ರಯದ ಮೆಕ್ಕೆಜೋಳ. ಮನೆಮನೆಯಲ್ಲೂ ಬೆಳೆಗೆ ಹೊಡೆಯುವ ಎಣ್ಣೆ ಇರುತ್ತದೆ. ಅದನ್ನು ಕುಡಿದು ಬಂದವರ ಆರೈಕೆ ಇಲ್ಲಿನ ನರ್ಸ್‌ಗೆ ಬರಲೇಬೇಕು. ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷದಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ. ಒಳ್ಳೆಯ ಮ್ಯಾನಿಕಿನ್ ಪಾಪೆಯನ್ನೂ ಎದೆಯ ಸದ್ದನ್ನೂ ತೋರಿಸಬಲ್ಲದು. ಆದರೆ ಇದಕ್ಕೆ ಕೊಡುವ ಮದ್ದು ಅಟ್ರೋಪಿನ್ ಸಾಕಷ್ಟು ಹೋಗಿದೆಯೇ ಎಂದು ತಿಳಿಯಲು ಎದೆ ತಿಳಿಯಾಗಿದೆಯೇ ಎಂದು ಕೇಳಿಸಿಕೊಳ್ಳುವುದರ ಜೊತೆಗೆ ಕಂಕುಳಿಗೆ ಕೈಹಾಕಿ ಬೆವರು ಒಣಗಿದೆಯೇ ಎಂದು ನೋಡುತ್ತೇವೆ. ಗೊಂಬೆಯ ಕಂಕುಳು ಯಾವಾಗಲೂ ಒಣಗಿಯೇ ಇರುತ್ತದೆ. ಎಣ್ಣೆಯ ಆ ವಾಸನೆ ಇರುವುದಿಲ್ಲ. ಬಾಗಿಲಲ್ಲಿ ನಿಂತು ಅಳುವ ಹೆಂಡತಿ, "ಏನಾತು ಸಿಸ್ಟರ್, ಉಳೀತಾರಾ?" ಎಂದು ಸೆರಗು ಹಿಡಿದು ಕೇಳುವ ತಾಯಿ ಇರುವುದಿಲ್ಲ. ಇದಕ್ಕೆ ವಾರ್ಡೇ ಬೇಕು.

ನಮ್ಮ ರೋಗಿಗಳು ಪುಸ್ತಕದ ಹಾಗೆ ಮಾತಾಡಲ್ಲ. ಲ್ಯಾಬಲ್ಲಿ ಅದನ್ನ ಹೇಗೆ ತರೋದು?

ಇದು ನನಗೆ ತುಂಬ ಮುಖ್ಯವೆನಿಸುವ ಪ್ರಶ್ನೆ. ಸಿನಾರಿಯೋದ ರೋಗಿ ಎದೆನೋವು ಎಡತೋಳಿಗೆ ಹರಡುತ್ತಿದೆ ಎಂದು ಅಚ್ಚುಕಟ್ಟಾಗಿ ಹೇಳುತ್ತಾನೆ. ವಾರ್ಡಿನಲ್ಲಿ ಸಿಗುವ ಅಜ್ಜಿ "ಯಾಕೋ ಹೊಟ್ಟಿ ಮ್ಯಾಲೆ ಉರಿ ಯವ್ವಾ, ಗ್ಯಾಸ್ ಆಗೇತಿ, ಕೈ ಸೋತಂಗಾಗ್ತೈತಿ" ಅನ್ನುತ್ತಾರೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಹೀಗೆ ಬರುವುದುಂಟು. ಆ ಮಾತು ಕೇಳಿ ಇಸಿಜಿಯ ಯೋಚನೆ ಬರಬೇಕು.

ಮೈಕಿನಲ್ಲಿ ಮಾತಾಡುವವರು ದಾವಣಗೆರೆ ಸೀಮೆಯ ಮಾತನ್ನೇ ಆಡಲಿ. ಇನ್ನೂ ಒಳ್ಳೆಯದು, ಗೊಂಬೆಯ ಬದಲು ಮನುಷ್ಯರನ್ನೇ ರೋಗಿಯಾಗಿ ಕೂರಿಸುವುದು. 1963ರಲ್ಲಿ ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ ತರಬೇತಿ ಕೊಟ್ಟ ವ್ಯಕ್ತಿಯನ್ನು ರೋಗಿಯಾಗಿ ಬಳಸಿ ತೋರಿಸಿದರು, ಇಂದು ಅದು ಎಲ್ಲೆಡೆ ಇದೆ. ಹಳ್ಳಿಯಿಂದ ಬಂದ ಹುಡುಗಿಯರು ತಮ್ಮ ಅಜ್ಜಿ ಮಾತಾಡುವಂತೆ ಮಾತಾಡಬಲ್ಲರು. ಅವರನ್ನು ಬಳಸಿಕೊಳ್ಳಿ.

ವಾರ್ಡ್ ಪೋಸ್ಟಿಂಗ್ ಕಡಿಮೆ ಮಾಡಿ ಸಿಮ್ಯುಲೇಶನ್ ಜಾಸ್ತಿ ಮಾಡಬಹುದಾ?

ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು ಹತ್ತು ನರ್ಸಿಂಗ್ ಕಾಲೇಜುಗಳಲ್ಲಿ ನಡೆಸಿದ ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕ್ಲಿನಿಕಲ್ ಅವಧಿಯ ಅರ್ಧದವರೆಗೆ ಸಿಮ್ಯುಲೇಶನ್ ಇಟ್ಟರೂ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಅದರ ಷರತ್ತನ್ನು ಹೇಳುವುದಿಲ್ಲ. ಅಲ್ಲಿನ ಶಿಕ್ಷಕರಿಗೆ ಸಿಮ್ಯುಲೇಶನ್ ಮತ್ತು ಡೀಬ್ರೀಫಿಂಗಿನಲ್ಲೇ ವಿಶೇಷ ತರಬೇತಿ ಇತ್ತು, ಸಾಮಗ್ರಿಯೂ ಸಾಕಷ್ಟಿತ್ತು. ಒಬ್ಬಳು ಮಾಡಿ ಉಳಿದವರು ನೋಡುವ ಲ್ಯಾಬಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಸಿಗುವಷ್ಟು ರೋಗಿಗಳ ನಡುವೆ ಇದ್ದುಕೊಂಡು ಪೋಸ್ಟಿಂಗ್ ಕಡಿಮೆ ಮಾಡಬಾರದು. ಪೋಸ್ಟಿಂಗಿಗೆ ಹೋಗುವ ಮೊದಲು ಅದೇ ವಿಷಯದ ಸಿಮ್ಯುಲೇಶನ್ ಆಗಿರಬೇಕು, ಅಷ್ಟೇ.

ನಮ್ಮ ಕಾಲೇಜಲ್ಲಿ ಮಾತಾಡೋ ಮ್ಯಾನಿಕಿನ್ ಇಲ್ಲ. ನಾವೇನು ಮಾಡೋದು?

ಒಂದು ಮಂಚ, ರೋಗಿಯಾಗಿ ಮಲಗಲು ಗೆಳತಿ, ವೈಟಲ್ಸ್ ಬರೆದ ರಟ್ಟಿನ ಚೀಟಿಗಳು ಸಾಕು. ಉಸಿರು ಎಣಿಸಿದವರಿಗೆ ಮಾತ್ರ ಉಸಿರಿನ ಚೀಟಿ ಕೊಡಿ, ಬ್ಯಾಗ್ ನೋಡಿದವರಿಗೆ ಮಾತ್ರ ಮೂತ್ರದ ಚೀಟಿ. ಕೇಳದೆ ಏನನ್ನೂ ಹೇಳಬೇಡಿ. ಪೆಟ್ಟಿಕೋಟ್ ಬಟ್ಟೆಗೆ ಕೆಂಪು ಬಣ್ಣದ ನೀರು ಅಳೆದು ಸುರಿದರೆ ಹೆರಿಗೆಯ ನಂತರದ 500 ಮಿ.ಲೀ. ರಕ್ತಸ್ರಾವ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತದೆ. ಬಹಳ ಜನ ಅದನ್ನು ಕಡಿಮೆಯೆಂದೇ ಅಂದಾಜು ಮಾಡುತ್ತಾರೆ. ಹಾಸ್ಟೆಲ್ ರೂಮಿನಲ್ಲೂ ಇದನ್ನು ಮಾಡಬಹುದು. ಆಮೇಲೆ ಕೂತು ಮಾತಾಡಲು ಹೊತ್ತು ಇಟ್ಟುಕೊಳ್ಳಿ.

ಪಾಸಾಗಿ ಡ್ಯೂಟಿಗೆ ಸೇರಿದ ಮೇಲೆ ಈ ಜಡ್ಜ್‌ಮೆಂಟ್ ತಾನಾಗೇ ಬರುತ್ತಾ?

ತಾನಾಗಿ ಬರುವುದಿಲ್ಲ, ಬೇಗನೂ ಬರುವುದಿಲ್ಲ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್ ಬೆಳೆಯುವ ಐದು ಹಂತಗಳನ್ನು ವಿವರಿಸಿದರು. ಅವರ ಪ್ರಕಾರ ಮೂರನೆಯ ಹಂತಕ್ಕೆ, ಅಂದರೆ ತನ್ನ ಕೆಲಸವನ್ನು ತಾನೇ ಯೋಜಿಸಿ ನಿಭಾಯಿಸುವ ಮಟ್ಟಕ್ಕೆ ಬರಲು, ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕು. ವಾರ್ಡ್ ಬದಲಾದರೆ ಅನುಭವಿಯೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಬಹುದು. ಹಾಗಾಗಿ ಮೊದಲ ಕೆಲಸ ಹುಡುಕುವಾಗ ಸಂಬಳದ ಜೊತೆಗೆ ಎರಡು ವಿಚಾರಿಸಿ: ಹೊಸಬರನ್ನು ಎಷ್ಟು ದಿನ ಹಿರಿಯ ಸಿಸ್ಟರ್ ಜೊತೆ ಹಾಕುತ್ತಾರೆ, ವಾರ್ಡನ್ನು ಎಷ್ಟಕ್ಕೊಮ್ಮೆ ಬದಲಿಸುತ್ತಾರೆ. ನೈಟ್ ಡ್ಯೂಟಿಗೆ ಮೊದಲ ತಿಂಗಳಲ್ಲೇ ಒಬ್ಬರನ್ನೇ ಹಾಕುವ ಕಡೆ ಸೇರುವ ಮುಂಚೆ ಮನೆಯವರ ಜೊತೆ ಕೂತು ಇನ್ನೊಮ್ಮೆ ಮಾತಾಡಿ.